ಚಿಕೂನ್‌ಗುನ್ಯಾ ಪ್ರೋಟೀನು, ಹಸಿರು ಚುಕ್ಕೆಗಳು

ವೈರಸ್ ನುಗ್ಗಿದ ಜೀವಕೋಶ ತನ್ನ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಪಿಕೆಆರ್ ಎಂಬ ಕಿಣ್ವ ವೈರಸ್ಸಿನ ಜೋಡಿ ಎಳೆಯ ಆರ್‌ಎನ್‌ಎಯನ್ನು ಕಂಡೊಡನೆ ಪ್ರೋಟೀನ್ ತಯಾರಿಕೆಯನ್ನು ಶುರುಮಾಡಿಸುವ ಇಐಎಫ್2-ಆಲ್ಫಾಕ್ಕೆ ಫಾಸ್ಫೇಟ್ ಸೇರಿಸಿ ಆ ಕೆಲಸವನ್ನು ತಡೆಯುತ್ತದೆ. ಆಗ ಕೆಲಸವಿಲ್ಲದೆ ಉಳಿದ, ಪ್ರೋಟೀನಿನ ಸೂಚನೆ ಹೊತ್ತ ಎಂಆರ್‌ಎನ್‌ಎಗಳು ಜಿ3ಬಿಪಿ ಪ್ರೋಟೀನಿನೊಡನೆ ಗುಂಪುಗೂಡಿ ಒತ್ತಡ ಕಣಗಳಾಗುತ್ತವೆ. 2006ರಲ್ಲಿ ಕರ್ನಾಟಕದ ಊರೂರುಗಳಲ್ಲಿ ಜನರನ್ನು ಕೀಲುನೋವಿನಿಂದ ಮಲಗಿಸಿದ ಚಿಕೂನ್‌ಗುನ್ಯಾ ವೈರಸ್ ಕೈಹಾಕುವುದು ಈ ಜಿ3ಬಿಪಿಗೇ. ಅದರ ಎನ್‌ಎಸ್‌ಪಿ3 ಪ್ರೋಟೀನಿನ ಬಾಲದಲ್ಲಿ ಎಫ್‌ಜಿಡಿಎಫ್ ಎಂಬ ನಾಲ್ಕು ಅಮೈನೊ ಆಮ್ಲಗಳ ಕೊಂಡಿ ಎರಡು ಬಾರಿ ಬರುತ್ತದೆ, ಹಿಡಿತವೆಲ್ಲ ಅಲ್ಲಿದೆ.

ನಾನು ಜೀವಂತ ವೈರಸ್ ಬಳಸಲಿಲ್ಲ. ಹಸಿರಾಗಿ ಹೊಳೆಯುವ ಎನ್‌ಎಸ್‌ಪಿ3ಯ ಪ್ಲಾಸ್ಮಿಡ್ ಅನ್ನು, ಅಂದರೆ ಅದರ ಜೀನ್ ಹೊತ್ತ ಡಿಎನ್‌ಎ ಉಂಗುರವನ್ನು, ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಮಾನವ ಕೋಶಗಳಿಗೆ ಸೇರಿಸಿದೆ. ಜೊತೆಗೆ ಖಾಲಿ ಪ್ಲಾಸ್ಮಿಡ್ ಹಾಕಿದ ಕೋಶಗಳೂ ಇರಲೇಬೇಕು, ಏಕೆಂದರೆ ಕೆಲವೊಮ್ಮೆ ಪ್ಲಾಸ್ಮಿಡ್ ಸೇರಿಸುವ ಕ್ರಿಯೆಯೇ ಒತ್ತಡ ಕಣಗಳನ್ನು ಎಬ್ಬಿಸುತ್ತದೆ. ಹೋಲಿಕೆಗೆಂದು ಬೇರೆ ಕೋಶಗಳಿಗೆ, ನಿಜವಾದ ಒತ್ತಡ ಕಣಗಳನ್ನು ಎಬ್ಬಿಸುವ ವಿಷವಾದ 0.5 ಮಿಲಿಮೋಲಾರ್ ಸೋಡಿಯಂ ಆರ್ಸೆನೈಟ್ ಕೊಟ್ಟೆ. ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು.

ಎರಡೂ ಕಡೆ ಜಿ3ಬಿಪಿಗೆ ಬಣ್ಣ ಕೊಟ್ಟರೆ ಕೋಶದ್ರವದಲ್ಲಿ ಚುಕ್ಕೆಗಳು ಕಾಣುತ್ತವೆ. ಚಿತ್ರ ಚೆಂದವಾಗಿರುತ್ತದೆ, ಆದರೆ ಅದನ್ನು ನೋಡಿ ನಾನು ಏನನ್ನೂ ಬರೆದುಕೊಳ್ಳುವುದಿಲ್ಲ. ಆ ಚುಕ್ಕೆಗಳು ನಿಜವಾದ ಒತ್ತಡ ಕಣಗಳೇ ಎಂಬ ತೀರ್ಪು ಕೊಡುವುದು ಸೈಕ್ಲೋಹೆಕ್ಸಿಮೈಡ್ ಎಂಬ ರಾಸಾಯನಿಕ. ಅದು ಪ್ರೋಟೀನ್ ಕಟ್ಟುವ ರೈಬೋಸೋಮುಗಳನ್ನು ಎಂಆರ್‌ಎನ್‌ಎ ಮೇಲೆಯೇ ಕಟ್ಟಿಹಾಕುತ್ತದೆ. ನಿಜವಾದ ಒತ್ತಡ ಕಣಕ್ಕೆ ರೈಬೋಸೋಮಿನಿಂದ ಬಿಡುಗಡೆಯಾದ ಎಂಆರ್‌ಎನ್‌ಎಯ ಪೂರೈಕೆ ನಿಂತರೆ ಉಳಿಗಾಲವಿಲ್ಲ. ಆರ್ಸೆನೈಟ್ ಕೊಟ್ಟ ಕೋಶಗಳ ಚುಕ್ಕೆಗಳು ಕರಗಿ, ಜಿ3ಬಿಪಿ ಮತ್ತೆ ಮಂಜಿನಂತೆ ಹರಡಿಕೊಂಡಿತು. ಎನ್‌ಎಸ್‌ಪಿ3 ಕೋಶಗಳಲ್ಲಿ ಮಾತ್ರ ಚುಕ್ಕೆಗಳು ಇದ್ದಲ್ಲೇ ಇದ್ದವು. ಒತ್ತಡ ಕಣಗಳಲ್ಲಿ ಸಿಗುವ ಇಐಎಫ್3 ಎಂಬ ಪ್ರೋಟೀನಿಗೆ ಬಣ್ಣ ಕೊಟ್ಟಾಗಲೂ ಆ ಚುಕ್ಕೆಗಳಲ್ಲಿ ಅದು ಸೇರಿರಲಿಲ್ಲ. ಕೋಶ ಕಟ್ಟಿಕೊಂಡ ಕಣವಲ್ಲ ಅದು, ವೈರಸ್ ಪ್ರೋಟೀನು ಜಿ3ಬಿಪಿಯನ್ನು ಕೂಡಿಹಾಕಿದ ಜಾಗ.

ಎರಡೂ ಎಫ್‌ಜಿಡಿಎಫ್ ಕೊಂಡಿಗಳನ್ನು ಕೆಡಿಸಿದ ಎನ್‌ಎಸ್‌ಪಿ3 ಹಾಕಿ ನೋಡಿದಾಗ ಜಿ3ಬಿಪಿ ಅದರ ಹಿಂದೆ ಹೋಗಲಿಲ್ಲ. ಒಂದನ್ನೇ ಕೆಡಿಸಿ ಫಲಿತಾಂಶ ಓದುವುದು ನನಗೆ ಒಪ್ಪಿಗೆಯಿಲ್ಲ, ಉಳಿದ ಕೊಂಡಿ ಇನ್ನೂ ಹಿಡಿಯಬಹುದು.

ಇಷ್ಟಾದ ಮೇಲೂ ‘ವೈರಸ್ ಕೋಶದ ರಕ್ಷಣೆಯನ್ನು ಮುರಿಯಿತು’ ಎಂದಷ್ಟೇ ಬರೆದರೆ ಅರ್ಧ ಕಥೆ. ಪೋಲಿಯೊ ವೈರಸ್ಸಿನ 3ಸಿ ಕಿಣ್ವ ಜಿ3ಬಿಪಿಯನ್ನು ಕತ್ತರಿಸಿಯೇ ಹಾಕುತ್ತದೆ. ಚಿಕೂನ್‌ಗುನ್ಯಾಕ್ಕೆ ಜಿ3ಬಿಪಿ ಬೇಕು: ಅದರ ಎರಡು ಬಗೆಗಳೂ ಇಲ್ಲದ ಕೋಶದಲ್ಲಿ ಈ ವೈರಸ್ ವೃದ್ಧಿಯಾಗುವುದೇ ಇಲ್ಲ.

ಆರ್ಸೆನೈಟ್ ಬೆರೆತ ದ್ರವವನ್ನು ಸಿಂಕಿಗೆ ಚೆಲ್ಲಬಾರದು. ಬೇರೆ ಬಾಟಲಿಯಲ್ಲಿ ಕೂಡಿಟ್ಟು, ಚೀಟಿ ಅಂಟಿಸಿ, ವಿಷಕಾರಿ ತ್ಯಾಜ್ಯಕ್ಕೆ ಕೊಡಬೇಕು.