ಜ್ವರ ಬಿಟ್ಟರೂ ಕೆಮ್ಮು ಬಿಡದಿದ್ದರೆ: ಒಳಗಿನ ರಿಪೇರಿಗೆ ನಾವು ಮಾಡಬಹುದಾದ್ದು

ನಾನು 22 ವರ್ಷ ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕಫದ ಸ್ಲೈಡ್ ನೋಡಿದವಳು. ಮಲೆನಾಡಿನ ಮಳೆ ಹಿಡಿದರೆ ಸಾಕು, ನಮ್ಮ ಕಿಟಕಿ ಮುಂದೆ ಕೆಮ್ಮುವವರ ಸಾಲು. ಎಲ್ಲರದೂ ಒಂದೇ ಪ್ರಶ್ನೆ: “ಜ್ವರ ಬಿಟ್ಟು ವಾರ ಆಯ್ತಲ್ಲ ಅಕ್ಕಾ, ಈ ಕೆಮ್ಮು ಯಾಕೆ ಬಿಡ್ತಿಲ್ಲ?” ಕಿಟಕಿಯಲ್ಲಿ ನಿಂತವರಿಗೆ ಇಷ್ಟೆಲ್ಲ ಹೇಳಲು ಪುರುಸೊತ್ತು ಇರುತ್ತಿರಲಿಲ್ಲ. ಈಗ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಫ್ಲೂ ಬಂದಿದ್ದ ಒಬ್ಬರ ಕಫವನ್ನು ಬಣ್ಣ ಹಾಕದೆ ಹಾಗೇ ಮೈಕ್ರೋಸ್ಕೋಪಿನಡಿ ಇಟ್ಟಿದ್ದೆ. ಸಣ್ಣದೊಂದು ಚೂರು ಪಟಪಟ ಬಡಿಯುತ್ತಿತ್ತು. ಯಾವುದೋ ಜೀವಿ ಇರಬೇಕು ಎಂದುಕೊಂಡು ಹಿರಿಯರನ್ನು ಕರೆದೆ. ಅವರು ಕಣ್ಣಿಟ್ಟು ನೋಡಿ, “ಜೀವಿ ಅಲ್ಲಮ್ಮ, ಶ್ವಾಸನಾಳದ ಕೋಶದ ತುದಿ. ಕಿತ್ತು ಬಂದಿದೆ, ಆದರೂ ಕೆಲಸ ನಿಲ್ಲಿಸಿಲ್ಲ ನೋಡು” ಎಂದರು.

ನಮ್ಮ ಶ್ವಾಸನಾಳದ ಒಳಪದರದಲ್ಲಿ ಇಂಥ ಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದರ ತಲೆ ಮೇಲೂ 200ರಷ್ಟು ಸಣ್ಣ ಕೂದಲು. ಇವೇ ಸಿಲಿಯಾ. ಸೆಕೆಂಡಿಗೆ 10 ಸಲದಷ್ಟು ಬಡಿದು ಧೂಳು, ಕಫ ಎಲ್ಲವನ್ನೂ ಗಂಟಲಿನ ಕಡೆ ದೂಡುತ್ತವೆ. ಫ್ಲೂ ವೈರಸ್ ನುಗ್ಗುವುದು ಈ ಕೋಶಗಳಿಗೇ. ಅವು ಸತ್ತು ಉದುರುತ್ತವೆ. ಆದರೆ ಬುಡದಲ್ಲಿ ಬೇಸಲ್ ಕೋಶಗಳು ನೆಲ ಕಚ್ಚಿಕೊಂಡು ಉಳಿದಿರುತ್ತವೆ. ಕಬ್ಬು ಕಡಿದ ಮೇಲೆ ಕೂಳೆ ಚಿಗುರುತ್ತದಲ್ಲ, ಹಾಗೆ ಹೊಸ ಪದರ ಏಳುವುದು ಇವುಗಳಿಂದಲೇ.

ಚಿಗುರಬೇಕಾದರೆ ಮೊದಲು ಜಾಗ ಹಸನಾಗಬೇಕು. ಮುಂಚೆ ಓಡಿ ಬರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಲ್ಯಾಬಿನಲ್ಲಿ ನಾವು ಪಸ್ ಸೆಲ್ ಅನ್ನುತ್ತೇವೆ. ಅದರದು ಬಿರುಸಿನ ಕೆಲಸ, ಪಕ್ಕದ ಒಳ್ಳೆ ಕೋಶಕ್ಕೂ ಒಂದಿಷ್ಟು ಪೆಟ್ಟು ಬೀಳುತ್ತದೆ. ಆಮೇಲೆ ಮ್ಯಾಕ್ರೋಫೇಜ್ ಎಂಬ ಇನ್ನೊಂದು ರಕ್ಷಣಾ ಕೋಶ. ಸತ್ತ ಕೋಶಗಳನ್ನೂ ಸತ್ತ ನ್ಯೂಟ್ರೋಫಿಲ್‌ಗಳನ್ನೂ ನುಂಗುತ್ತದೆ. ನುಂಗಿದ ಮೇಲೆ ಅದರ ಸ್ವಭಾವವೇ ಬದಲಾಗಿ, ಉರಿಯೂತ ಇಳಿಸುವ, ಪದರ ಬೆಳೆಸುವ ಪದಾರ್ಥಗಳನ್ನು ಬಿಡತೊಡಗುತ್ತದೆ. ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಟಿ-ರೆಗ್ ಕೋಶ. ಒಳಗಿನ ಜಗಳ ಅತಿಯಾಗದಂತೆ ತಡೆಯುವ ಕೋಶ ಅದು. ಅದರ ಸಂಶೋಧನೆಗೇ 2025ರ ವೈದ್ಯಕೀಯ ನೊಬೆಲ್ ಬಂತು. ರಿಪೇರಿಗೂ ಅದು ಕೈ ಹಾಕುತ್ತದೆ ಎಂದು 2015ರಲ್ಲಿ ಫ್ಲೂ ತಗಲಿದ ಇಲಿಗಳಲ್ಲಿ ಗೊತ್ತಾಯಿತು. ಅದು ಆಂಫಿರೆಗ್ಯುಲಿನ್ ಎಂಬ ಪ್ರೋಟೀನ್ ಕೊಡುತ್ತದೆ. ಟಿ-ರೆಗ್‌ಗೆ ಆ ಪ್ರೋಟೀನ್ ತಯಾರಿಸಲು ಆಗದ ಇಲಿಗಳ ಶ್ವಾಸಕೋಶ ಜಾಸ್ತಿ ಹಾಳಾಗಿತ್ತು. ವೈರಸ್ ತಡೆಯುವ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಬಹಳ ದಿನ ಹರಿದರೆ ಹೊಸ ಕೋಶ ಬೆಳೆಯುವುದೇ ತಡವಾಗುತ್ತದೆ ಎಂದು 2020ರ ಇಲಿ ಪ್ರಯೋಗಗಳು ತೋರಿಸಿದವು. ಅದಕ್ಕೇ ‘ಇಮ್ಯೂನಿಟಿ ಬೂಸ್ಟರ್’ ಪುಡಿಗೆ ದುಡ್ಡು ಸುರಿಯಬೇಡಿ ಅನ್ನುತ್ತೇನೆ. ಹೋರಾಟ ಹೊತ್ತಿಗೆ ಸರಿಯಾಗಿ ತಣ್ಣಗಾದರೇ ಪದರ ಕೂಡಿಕೊಳ್ಳುವುದು. ಅದಕ್ಕೆ ಕೆಲವು ವಾರ ಬೇಕು.

ಆ ವಾರಗಳನ್ನು ಹೀಗೆ ಕಳೆಯಿರಿ.

ಕಫ ಹಸಿರಾಯ್ತು ಅಂತ ಗಾಬರಿ ಬೇಡ. ಆ ಹಸಿರು ನ್ಯೂಟ್ರೋಫಿಲ್ ಒಳಗಿನ ಒಂದು ಕಿಣ್ವದ ಬಣ್ಣ. ಬರೀ ಬಣ್ಣ ನೋಡಿ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ವೈರಸ್‌ಗೆ ಅದು ನಾಟುವುದಿಲ್ಲ.

ಹೊಗೆಯಿಂದ ದೂರ ಇರಿ. ಎರಡು ವರ್ಷದ ಹಿಂದೆ ಆಷಾಢದಲ್ಲಿ ನನಗೇ ಫ್ಲೂ ಬಂದು ಐದು ವಾರ ಕೆಮ್ಮಿದೆ. ಬಚ್ಚಲೊಲೆಗೆ ಬೆಂಕಿ ಹಾಕುವ ಕೆಲಸ ಯಜಮಾನರಿಗೆ ಒಪ್ಪಿಸಿದೆ. ದೇವರ ಮುಂದೆ ಊದುಬತ್ತಿ ಬಿಟ್ಟು ಬರೀ ದೀಪ ಹಚ್ಚಿದೆ. ಸೊಳ್ಳೆ ಬತ್ತಿ ಬದಲು ಪರದೆ ಕಟ್ಟಿದೆವು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಲೇ ಇಲ್ಲ. ಪದರ ಕಿತ್ತ ಜಾಗದಲ್ಲಿ ಕೆಮ್ಮಿನ ನರಗಳು ತುಂಬಾ ಸೂಕ್ಷ್ಮ, ಆ ಘಾಟೊಂದೇ ಸಾಕು. ಬೀಡಿ, ಸಿಗರೇಟು ಸೇದುವವರೇ, ದಯವಿಟ್ಟು ಬಿಡಿ. ಹೊಸ ಸಿಲಿಯಾ ಈಗಷ್ಟೇ ಮೊಳೆಯುತ್ತಿರುತ್ತವೆ.

ಸಿಲಿಯಾ ಇಲ್ಲದ ದಿನಗಳಲ್ಲಿ ಕಸ ಗುಡಿಸುವುದು ಕೆಮ್ಮೇ. ಕಫ ಬರುತ್ತಿರುವಾಗ ಕೆಮ್ಮನ್ನು ಪೂರಾ ಅದುಮುವ ಸಿರಪ್ ಕುಡಿಯುತ್ತಾ ಇರಬೇಡಿ. ಹೀಗೆ ಮಾಡಿ ನೋಡಿ: ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ ಕೂತು, ನಿಧಾನ ಉಸಿರೆಳೆದು, ಎರಡು ಮೂರು ಎಣಿಸುವಷ್ಟು ಹಿಡಿಯಿರಿ. ಕನ್ನಡಿಗೆ ಮಂಜು ಹಿಡಿಸುವಾಗ ಮಾಡುತ್ತೀವಲ್ಲ, ಹಾಗೆ ಬಾಯಿ ತೆರೆದು ‘ಹಾ’ ಎಂದು ದೂಡಿ. ಎರಡು ಸಲ ಸಾಕು. ಕಫ ಮೇಲೆ ಬಂದಾಗ ಒಂದೇ ಕೆಮ್ಮಿಗೆ ಹೊರಬರುತ್ತದೆ, ಎದೆ ನೋಯುವುದಿಲ್ಲ. ಬಿಸಿನೀರು ಆಗಾಗ ಕುಡಿಯಿರಿ. ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಒಳ್ಳೆಯದು. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೊಡಲೇಬಾರದು. ಮಕ್ಕಳಿಗೆ ಕುದಿಯುವ ನೀರಿನ ಆವಿಯೂ ಬೇಡ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ, ಬಿಟ್ಟ ಜ್ವರ ಮತ್ತೆ ಏರಿದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಪದರ ಕಿತ್ತ ಜಾಗದಲ್ಲಿ ಬ್ಯಾಕ್ಟೀರಿಯಾ ಕೂತು ನ್ಯುಮೋನಿಯಾ ಆಗಬಹುದು. ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಎರಡು ವಾರ ಆದಾಗ ನಾನೂ ಪರೀಕ್ಷೆಗೆ ಕಫ ಕೊಟ್ಟಿದ್ದೆ. ಬೆಳಿಗ್ಗೆ ಎದ್ದ ತಕ್ಷಣ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಹಾಕಿ. ಎಂಜಲು ಕೊಟ್ಟರೆ ನಮಗೆ ಏನೂ ಕಾಣುವುದಿಲ್ಲ. ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಬಿಸಿಲಿಗೆ ಇಡದೆ ಬೇಗ ತಲುಪಿಸಿ.