ಪವರ್ ಎಷ್ಟು ಅಂತ ಕೇಳಿ ಕೆಟ್ಟೆ

ಶಹಾಪುರದಲ್ಲಿ ನನ್ನದು ಕನ್ನಡಕದ ಅಂಗಡಿ. ಹತ್ತೊಂಬತ್ತು ವರ್ಷವಾಯಿತು. ಗಿರಾಕಿ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೇಳುವ ಮೊದಲ ಮಾತು, 'ಪವರ್ ಎಷ್ಟು ಬಂತ್ರಿ?' ಜಾಸ್ತಿ ಬಂದರೆ ಕಣ್ಣು ಹೋಯಿತು, ಕಡಿಮೆ ಬಂದರೆ ಗೆದ್ದೆವು ಅನ್ನುವ ಲೆಕ್ಕ ಅವರದು. ಹಾಗಲ್ಲರೀ ಅಂತ ದಿನಕ್ಕೆ ಹತ್ತು ಸಲ ತಿಳಿಸಿ ಹೇಳುವವನು ನಾನು. ಅಂಥವನೇ ಹಕ್ಕಿ ನೋಡಲು ಸ್ಕೋಪ್, ಅಂದರೆ ಸ್ಟ್ಯಾಂಡ್ ಮೇಲಿಟ್ಟು ಒಂದೇ ಕಣ್ಣಿನಲ್ಲಿ ನೋಡುವ ದುರ್ಬೀನು, ಕೊಳ್ಳುವಾಗ ಕೇಳಿದ್ದು ಅದೊಂದೇ ಮಾತು.

ಹಕ್ಕಿ ಹುಚ್ಚು ಹಿಡಿದದ್ದು ಬೋನಾಳ ಕೆರೆಯಲ್ಲಿ. ಸುರಪುರದ ಹತ್ತಿರದ ಕೆರೆ. ನಾಯಕರ ಕಾಲದ್ದು, ಆಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದಾಗ ಅದನ್ನು ದೊಡ್ಡದು ಮಾಡಿಸಿದ. ಈಗ ಅದು ಪಕ್ಷಿಧಾಮ. ಭಾನುವಾರ ಐದಕ್ಕೆ ಗಾಡಿ ಬಿಟ್ಟರೆ ಬೆಳಕು ಹರಿಯುವ ಹೊತ್ತಿಗೆ ಏರಿ ಮೇಲಿರುತ್ತೇನೆ. ಬಹಳ ವರ್ಷ 8x42 ದುರ್ಬೀನು ಒಂದೇ ಸಾಕಾಗಿತ್ತು. ಎಂಟು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅದರ ಅರ್ಥ. ಪಟ್ಟೆತಲೆ ಹೆಬ್ಬಾತಿಗೆ, ಚಮಚ ಕೊಕ್ಕಿನವಕ್ಕೆ, ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ತಲೆ ಕೆಡಿಸಿದ್ದು ಸ್ಟಿಂಟ್‌ಗಳು. ಚಳಿಗಾಲದಲ್ಲಿ ನೀರು ಸರಿದು ರಾಡಿ ತೆರೆದುಕೊಂಡಾಗ ಗುಬ್ಬಿ ಗಾತ್ರದ ಈ ಹಕ್ಕಿಗಳು ಬಂದು ಕುಟುಕುಟು ಅಂತ ಕೆಸರು ಕೆದಕುತ್ತವೆ. ಲಿಟಲ್ ಸ್ಟಿಂಟ್‌ನ ಕಾಲು ಕಪ್ಪು. ಟೆಮಿಂಕ್ಸ್ ಸ್ಟಿಂಟ್‌ನ ಕಾಲು ಹಸಿರು ಬೆರೆತ ಹಳದಿ. ಪುಸ್ತಕದಲ್ಲಿ ಎಷ್ಟು ಸುಲಭ! ಇನ್ನೂರು ಮೀಟರ್ ಆಚೆಗಿನ ಹಕ್ಕಿ 8x ದುರ್ಬೀನಿನಲ್ಲಿ ಇಪ್ಪತ್ತೈದು ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. ಅಷ್ಟು ದೂರದ ಗುಬ್ಬಿಯ ಕಾಲಿನ ಬಣ್ಣ ಹೇಳಿ ನೋಡೋಣ? ಮೂರು ಚಳಿಗಾಲ ನನ್ನ ನೋಟ್‌ಬುಕ್‌ನಲ್ಲಿ 'ಸ್ಟಿಂಟ್, ಯಾವುದೋ ಒಂದು' ಅಂತಲೇ ಬರೆದಿದ್ದೇನೆ.

ಹಾಗಾಗಿ ಆನ್‌ಲೈನ್‌ನಲ್ಲಿ ಒಂದು ಸ್ಕೋಪ್ ತರಿಸಿದೆ. ಡಬ್ಬಿಯ ಮೇಲೆ 25-75x70 ಅಂತ ದೊಡ್ಡಕ್ಷರ, ಪಕ್ಕದಲ್ಲಿ ಚಂದ್ರನ ಚಿತ್ರ. ಒಂಬತ್ತು ಸಾವಿರ ಕೊಟ್ಟೆ. 75 ಪಟ್ಟು ಅಂದರೆ ಸ್ಟಿಂಟ್‌ನ ಕಾಲೇನು, ಉಗುರೂ ಕಾಣಬೇಕು ಅಂದುಕೊಂಡೆ.

ಮೊದಲ ಭಾನುವಾರವೇ ಗೊತ್ತಾಯಿತು. 25ರಲ್ಲಿ ಪರವಾಗಿಲ್ಲ. 40 ದಾಟಿದ ಮೇಲೆ ಹಕ್ಕಿ ಮಬ್ಬು. 75ಕ್ಕೆ ತಿರುಗಿಸಿದರೆ ಜೋಳದ ಅಂಬಲಿ. ಬೆಳ್ಳಕ್ಕಿಯ ಬೆನ್ನಿನ ಅಂಚಿಗೆ ನೇರಳೆ ಬಣ್ಣದ ಗೀಟು ಬೇರೆ. ಇನ್ನೊಂದು ತಮಾಷೆ ಅಂದರೆ, ಆಕಾಶದ ಕಡೆ ತಿರುಗಿಸಿದಾಗ ನನ್ನ ಕಣ್ಣೊಳಗಿನ ಕಸವೇ ದಾರದ ಎಳೆಯಂತೆ ತೇಲಾಡುತ್ತಿತ್ತು. ಅದನ್ನು ನೋಡಿದ ಮೇಲೆ ನನ್ನ ಬುದ್ಧಿ ಅಂಗಡಿಗೆ ವಾಪಸ್ ಬಂತು.

ಸ್ಕೋಪನ್ನು ಬೆಳಕಿನ ಕಡೆ ಹಿಡಿದು, ಒಂದು ಕೈ ದೂರದಿಂದ ಐಪೀಸನ್ನು, ಅಂದರೆ ಕಣ್ಣಿಡುವ ಕಡೆಯ ಗಾಜನ್ನು, ನೋಡಿದರೆ ಅದರಲ್ಲಿ ಒಂದು ಬೆಳಕಿನ ಚುಕ್ಕೆ ಕಾಣುತ್ತದೆ. ನಮ್ಮ ಕಣ್ಣಿಗೆ ಬರುವ ಬೆಳಕೆಲ್ಲ ಆ ಚುಕ್ಕೆಯೊಳಗಿನದೇ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಅದರ ಅಳತೆ. 70ನ್ನು 75ರಿಂದ ಭಾಗಿಸಿದರೆ ಒಂದು ಮಿಲಿಮೀಟರ್ ಕೂಡ ಇಲ್ಲ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆಯೇ ಎರಡು ಮೂರು ಮಿಲಿಮೀಟರ್ ತೆರೆದಿರುತ್ತದೆ. ಅಂದರೆ ನಾನು ಸೂಜಿ ತೂತಿನಲ್ಲಿ ಕೆರೆ ನೋಡುತ್ತಿದ್ದೆ. ಸುಮ್ನೆ ಇರಲಾರದೆ, ಕಣ್ಣಿನ ನಡುವಿನ ದೂರ ಅಳೆಯುವ ಪಿಡಿ ಸ್ಕೇಲನ್ನು 25ರಲ್ಲಿರುವಾಗ ಆ ಚುಕ್ಕೆಗೆ ಹಿಡಿದೆ. 2.8 ಬರಬೇಕಿತ್ತು. ಬಂದದ್ದು 2. ಎರಡು ಇಂಟು ಇಪ್ಪತ್ತೈದು, ಐವತ್ತು. ಪಟ್ಟಿನ ಲೆಕ್ಕ ಅವರು ಬರೆದಂತೆಯೇ ನಿಜವಿದ್ದರೆ, 70 ಎಂಎಂ ಗಾಜಿನ ಬೆಳಕನ್ನು ಒಳಗೆ ಏನೋ ತಡೆದು 50 ಮಾಡಿಟ್ಟಿದೆ. ಈಗ ಅದು ಅಳಿಯನ ಮಗನ ಕೈಯಲ್ಲಿದೆ. ಚಂದ್ರನನ್ನು ನೋಡುತ್ತಾನೆ, ಖುಷಿಯಾಗಿದ್ದಾನೆ.

ಎರಡನೇ ಸಲ ಅವಸರ ಮಾಡಲಿಲ್ಲ. ಗೆಳೆಯರೊಬ್ಬರ 80 ಎಂಎಂ ಸ್ಕೋಪನ್ನು ಬೀದರ್‌ನ ಕಾರಂಜಾ ಜಲಾಶಯದ ದಂಡೆಯಲ್ಲಿ ಒಂದು ದಿನ ಹೊತ್ತೆ. ಹೊತ್ತೆ ಅನ್ನುವುದೇ ಸರಿಯಾದ ಮಾತು. 65ಕ್ಕಿಂತ 80ರಲ್ಲಿ ಒಂದೂವರೆ ಪಟ್ಟು ಬೆಳಕು ಬರುತ್ತದೆ, ನಿಜ. ಮುಂಜಾನೆ, ಸಂಜೆ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಅದಕ್ಕೆ ತಕ್ಕ ಸ್ಟ್ಯಾಂಡ್ ಬೇಕು, ಸ್ಟ್ಯಾಂಡಿಗೆ ತಕ್ಕ ಭುಜ ಬೇಕು. ಕಾರಿನಲ್ಲಿ ಓಡಾಡುವವರು ಕಣ್ಣು ಮುಚ್ಚಿ 80 ತಗೊಳ್ಳಲಿ. ನನ್ನದು ಮೋಟರ್‌ಸೈಕಲ್. ಭಾರ ಅಂತ ಮನೆಯಲ್ಲೇ ಬಿಟ್ಟು ಬಂದ ಸ್ಕೋಪ್ ಎಷ್ಟು ಎಂಎಂ ಇದ್ದರೇನು?

ಕೊನೆಗೆ ಹೈದರಾಬಾದ್‌ನಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ 65 ಎಂಎಂ ಸಿಕ್ಕಿತು. ಅಂಚಿನ ನೇರಳೆ ಗೀಟು ಕಡಿಮೆ ಮಾಡುವ ಇಡಿ (ED) ಗಾಜಿನದು, ಐಪೀಸ್ ಓರೆಯಾಗಿ ಮೇಲೆ ನೋಡುವ ಮಾದರಿ. ಅವರ ಮಾಳಿಗೆ ಮೇಲೆ ಒಂದು ತಾಸು ಪರೀಕ್ಷೆ ಮಾಡಿದೆ. ದೂರದ ವಿದ್ಯುತ್ ಕಂಬದ ಬಿಳಿ ಪಿಂಗಾಣಿ ಬಟ್ಟಲಿಗೆ ಹಿಡಿದೆ. ಬಿಸಿಲಿಗೆ ಹೊಳೆಯುವ ಬಿಳಿ ಅಂಚಿನಲ್ಲಿ ನೇರಳೆ ಇದೆಯೋ ಇಲ್ಲವೋ ಅಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಫೋಕಸ್ ಚಕ್ರ ಹಿಂದೆ ಮುಂದೆ ಆಡಿಸಿದರೆ ಚಿತ್ರ ಟಕ್ ಅಂತ ಒಂದು ಕಡೆ ನಿಲ್ಲಬೇಕು. 'ಇಲ್ಲಿರಬಹುದು, ಅಲ್ಲಿರಬಹುದು' ಅಂತ ಹುಡುಕುವಂತಾದರೆ ಬೇಡ. ಮುಂದಿನಿಂದ ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಇಲ್ಲ ಅಂತ ನೋಡಿಕೊಂಡೆ. ಊರಿಗೆ ತಂದ ಮೇಲೆ ನಮ್ಮ ಮಲಗಿರುವ ಬುದ್ಧನ ಬೆಟ್ಟಕ್ಕೆ ಹಿಡಿದೆ. ಆಕಾಶಕ್ಕೆ ತಾಗಿದ ಬುದ್ಧನ ಮೂಗಿನ ಗೆರೆ ಬ್ಲೇಡಿನಲ್ಲಿ ಕೊರೆದಂತೆ ಕಂಡಿತು. ಎಷ್ಟು ಕೊಟ್ಟೆ ಅಂತ ಮನೆಯವರಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಈ ಸ್ಕೋಪಿನ ವಿಶೇಷ ಐಪೀಸ್‌ನಲ್ಲಿದೆ. ನಕ್ಷತ್ರ ನೋಡುವ ದೂರದರ್ಶಕಕ್ಕೆ ಬಳಸುವ ಒಂದೂಕಾಲು ಇಂಚಿನ ಐಪೀಸ್‌ಗಳು ಇದಕ್ಕೂ ಕೂರುತ್ತವೆ. ಬಹಳ ಕಂಪನಿಗಳ ಸ್ಕೋಪ್‌ಗಳು ಹೀಗಿಲ್ಲ, ತಮ್ಮದೇ ಐಪೀಸ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಲೆಕ್ಕ ಸುಲಭ. ಸ್ಕೋಪಿನ ನಾಭಿದೂರ 390 ಮಿಲಿಮೀಟರ್. ಅದನ್ನು ಐಪೀಸ್ ಮೇಲೆ ಬರೆದ ಮಿಲಿಮೀಟರ್ ಅಂಕಿಯಿಂದ ಭಾಗಿಸಿದರೆ ಪಟ್ಟು. 18ರ ಐಪೀಸ್ ಹಾಕಿದರೆ ಸುಮಾರು 22 ಪಟ್ಟು, 12 ಹಾಕಿದರೆ 32. ಅಂಕಿ ಸಣ್ಣದಾದಷ್ಟು ಪಟ್ಟು ಜಾಸ್ತಿ. ನಮ್ಮ ಗಿರಾಕಿಗಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಮೊದಲು ಎಲ್ಲರಂತೆ ನಾನೂ 8-24ರ ಝೂಮ್ ಇಟ್ಟುಕೊಂಡಿದ್ದೆ. 16ರಿಂದ 48 ಪಟ್ಟಿನವರೆಗೆ ಒಂದೇ ಐಪೀಸ್, ಬದಲಿಸುವ ರಗಳೆ ಇಲ್ಲ. ಆದರೆ ಝೂಮ್‌ನ ಒಂದು ಗುಣ ಅಂಗಡಿಯವರು ಹೇಳುವುದಿಲ್ಲ. ಕಡಿಮೆ ಪಟ್ಟಿನಲ್ಲಿ ಅದು ಪೈಪಿನೊಳಗಿಂದ ನೋಡಿದಂತೆ ಕಾಣುತ್ತದೆ. ಹುಡುಕುವಾಗಲೇ ಅಗಲ ಬೇಕು, ಆವಾಗಲೇ ಅದು ಇಕ್ಕಟ್ಟು. ನನ್ನ 18ರ ಐಪೀಸ್ 22 ಪಟ್ಟಿನಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ 48 ಮೀಟರ್ ಅಗಲ ತೋರಿಸುತ್ತದೆ. ಆ ಝೂಮ್ 16 ಪಟ್ಟಿನಲ್ಲೂ ಅಷ್ಟು ತೋರಿಸುತ್ತಿರಲಿಲ್ಲ. ರಾಡಿಯಲ್ಲಿ ಓಡಾಡುವ ನಲವತ್ತು ಸ್ಟಿಂಟ್‌ಗಳಲ್ಲಿ ಬೇರೆಯದೊಂದನ್ನು ಆರಿಸಬೇಕಾದರೆ ಇದೇ ಮುಖ್ಯ. ಝೂಮ್ ಮಾರಿದೆ. ಈಗ 18 ಯಾವಾಗಲೂ ಸ್ಕೋಪ್‌ನಲ್ಲೇ ಇರುತ್ತದೆ, 12 ಜೇಬಿನಲ್ಲಿ.

ಬದಲಿಸುವಾಗ ಮಾತ್ರ ಗಾಳಿಗೆ ಬೆನ್ನು ಕೊಡಬೇಕು. ಒಮ್ಮೆ ಏರಿ ಮೇಲೆ ನಿಂತು ಆರಾಮಾಗಿ ಬದಲಿಸಿದೆ. ಆಮೇಲೆ ದಿನವಿಡೀ ಹೆಬ್ಬಾತಿನ ಗುಂಪಿನ ನಡುವೆ ಒಂದು ಕರಿ ಚುಕ್ಕೆ ಅಲ್ಲಾಡದೆ ಕೂತಿತ್ತು. ಧೂಳು. ರಬ್ಬರ್ ಬುಗ್ಗೆಯಿಂದ ಊದಬೇಕು, ಅಂಗಿ ತುದಿಯಿಂದ ಉಜ್ಜಬಾರದು. ಕನ್ನಡಕವನ್ನು ಲುಂಗಿಯಲ್ಲಿ ಒರೆಸಿ ಗೀರು ಮಾಡಿಕೊಂಡು ಬರುವವರನ್ನು ದಿನಾ ಬೈಯುತ್ತೇನೆ, ಇಲ್ಲಿ ಎರಡನೇ ಸಲ ಬೈಯುವುದಿಲ್ಲ.

ಕನ್ನಡಕದವರಿಗೆ ಒಂದು ಮಾತು. ಬರೀ ದೂರದ ಪವರ್ ಇದ್ದರೆ ಕನ್ನಡಕ ತೆಗೆದು ನೋಡಿ, ಫೋಕಸ್ ಚಕ್ರವೇ ಅದನ್ನು ಸರಿಮಾಡುತ್ತದೆ. ಚೀಟಿಯಲ್ಲಿ ಸಿಲಿಂಡರ್ ಅಂತ ಒಂದೋ ಒಂದೂವರೆಯೋ ಬರೆದಿದ್ದರೆ ಚಕ್ರ ಏನೂ ಮಾಡಲಾರದು, ಕನ್ನಡಕ ಹಾಕಿಕೊಂಡೇ ನೋಡಬೇಕು. ಆಗ ಐಪೀಸ್ ಕಣ್ಣಿನಿಂದ ದೂರ ಇದ್ದರೂ ಪೂರ್ತಿ ಚಿತ್ರ ಕಾಣಬೇಕು. ಈ ದೂರ ಹದಿನಾರು, ಹದಿನೇಳು ಮಿಲಿಮೀಟರ್ ಆದರೂ ಇರಲಿ. ಹತ್ತು ಇದ್ದರೆ ಚಿತ್ರದ ನಡು ಭಾಗವಷ್ಟೇ ಸಿಗುತ್ತದೆ. ಚಾಳೀಸಿನವರಿಗೆ ಸ್ಕೋಪ್‌ನಲ್ಲಿ ತೊಂದರೆಯಿಲ್ಲ. ನೋಡಿದ್ದನ್ನು ಬರೆಯಲು ಚಾಳೀಸು ಹುಡುಕಬೇಕು, ಅಷ್ಟೇ.

ಸ್ಟ್ಯಾಂಡ್ ವಿಷಯದಲ್ಲಿ ಜಿಪುಣತನ ಮಾಡಿ ಮತ್ತೆ ಕೆಟ್ಟೆ. ಮೊಬೈಲ್‌ಗೆ ಅಂತ ಇದ್ದ ಹಗುರ ಸ್ಟ್ಯಾಂಡ್ ಮೇಲೆ ಒಳ್ಳೆ ಸ್ಕೋಪ್ ಇಟ್ಟರೆ, ಫೋಕಸ್ ಮುಟ್ಟಿದ ಕೂಡಲೇ ಕೆರೆಯೆಲ್ಲ ನಡುಗುತ್ತದೆ. ಈಗಿನದು ದಪ್ಪ ಕಾಲಿನದು, ಮೇಲೆ ವಿಡಿಯೊದವರು ಬಳಸುವ, ನುಣ್ಣಗೆ ನಿಧಾನವಾಗಿ ತಿರುಗುವ ತಲೆ. ಗಾಳಿ ಜಾಸ್ತಿ ಇದ್ದರೆ ಕಾಲು ಗಿಡ್ಡ ಮಾಡಿ ಕೂತೇ ನೋಡುತ್ತೇನೆ, ನಡುಗಂಬಕ್ಕೆ ನೀರಿನ ಬಾಟಲಿ ಚೀಲ ತೂಗುಬಿಡುತ್ತೇನೆ. ಓರೆ ಐಪೀಸ್ ಆದ್ದರಿಂದ ಕೂತವರಿಗೂ ನಿಂತವರಿಗೂ ಕುತ್ತಿಗೆ ನೋಯುವುದಿಲ್ಲ.

ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿದರೆ ನಮ್ಮ ಕಡೆ ಜನ ಬೇರೆಯೇ ತಿಳಿಯುತ್ತಾರೆ. ಒಂದು ದಿನ ಎಮ್ಮೆ ಹೊಡೆದುಕೊಂಡು ಬಂದ ಮುತ್ಯಾ ಒಬ್ಬರು ದೂರದಲ್ಲೇ ನಿಂತು ಬಹಳ ಹೊತ್ತು ನೋಡಿದರು.

'ಸಾಹೇಬ್ರ, ಮತ್ತ ಸರ್ವೇ ಮಾಡ್ಲಾಕತ್ತೀರೇನ್ರಿ? ನಮ್ಮ ಹೊಲ ಹೋಗ್ತದೇನ್ರಿ?'

'ಇಲ್ಲ ಮುತ್ಯಾ, ಹಕ್ಕಿ ನೋಡ್ಲಾಕತ್ತೀನಿ. ಬಾ, ನೀನೂ ನೋಡು.'

ಸ್ಕೋಪ್ ಬಗ್ಗಿಸಿ ಹೆಬ್ಬಾತಿಗೆ ಹಿಡಿದುಕೊಟ್ಟೆ. ಒಂದು ಕಣ್ಣು ಮುಚ್ಚಲು ಬರಲಿಲ್ಲ, ಅಂಗೈ ಅಡ್ಡ ಇಟ್ಟುಕೊಂಡು ನೋಡಿದರು. 'ಯಪ್ಪಾ, ವಿಭೂತಿ ಅಡ್ಡ ಬಳದಂಗ ಅದ ನೋಡ್ರಿ ತಲಿಗಿ. ಕರಿ ವಿಭೂತಿ' ಅಂದರು. ಬಿಳಿ ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗೆ ಇದಕ್ಕಿಂತ ಒಳ್ಳೆ ಮಾತು ನಾನು ಕೇಳಿಲ್ಲ.

ಇನ್ನು ನಮ್ಮ ಬಿಸಿಲು. ಹೊರದೇಶದವರ ಸ್ಕೋಪ್ ವಿಮರ್ಶೆಗಳನ್ನು ಓದಿ 60 ಪಟ್ಟಿಗೆ ಆಸೆಪಡುವವರು ಯಾದಗಿರಿ ಜಿಲ್ಲೆಯಲ್ಲಿ ಒಂದು ಮಧ್ಯಾಹ್ನ ಕಳೆಯಬೇಕು. ಜನವರಿಯಲ್ಲೂ ಹತ್ತು ಗಂಟೆಯ ಮೇಲೆ ಎರೆ ಹೊಲ ಕಾದು ಗಾಳಿ ಕುದಿಯುತ್ತದೆ. ಬಿಸಿಲ್ಗುದುರೆಯನ್ನು ಸ್ಕೋಪ್ ಹಕ್ಕಿಯ ಜೊತೆಗೇ ದೊಡ್ಡದು ಮಾಡುತ್ತದೆ. ಎಷ್ಟು ದುಡ್ಡಿನ ಗಾಜಾದರೂ ಇದಕ್ಕೆ ಮದ್ದಿಲ್ಲ. ಹೀಗಾಗಿ 12ರ ಐಪೀಸ್‌ಗೆ ನನ್ನ ಹತ್ತಿರ ಕೆಲಸ ಇರುವುದು ಒಂಬತ್ತರವರೆಗೆ, ಮೋಡ ಕವಿದ ದಿನ ಇನ್ನೊಂದಿಷ್ಟು ಹೊತ್ತು. ಆಮೇಲೆ 18 ಮಾತ್ರ. ಅದೂ ನೋಟ ಆದಷ್ಟು ನೀರಿನ ಮೇಲೆ ಹಾಯುವಂತೆ ನಿಲ್ಲುತ್ತೇನೆ. ಕಾದ ಬಯಲಿಗಿಂತ ನೀರಿನ ಮೇಲೆ ನಡುಕ ಕಡಿಮೆ.

ಸ್ಟಿಂಟ್‌ಗಳ ಕಥೆ ಏನಾಯಿತು? ಹೋದ ಡಿಸೆಂಬರ್‌ನ ಒಂದು ಮುಂಜಾನೆ, ಏಳೂವರೆ. ಬೆಳಕು ನನ್ನ ಬೆನ್ನಿಗಿತ್ತು. 18ರಲ್ಲಿ ಗುಂಪನ್ನು ನಿಧಾನವಾಗಿ ಗುಡಿಸುತ್ತಾ ಹೋದೆ. ಎಲ್ಲವೂ ಓಡಿ ಓಡಿ ತಿನ್ನುವಾಗ ಒಂದು ಮಾತ್ರ ಮೈ ತಗ್ಗಿಸಿ, ಹುಲ್ಲಿನ ಅಂಚಿನಲ್ಲಿ ಮೆಲ್ಲಗೆ ಹೆಜ್ಜೆ ಇಡುತ್ತಿತ್ತು. ಮೇಲಿನ ಮೈ ಚಿತ್ತಾರವಿಲ್ಲದ ಮಣ್ಣು ಬಣ್ಣ. 12 ಹಾಕಿದೆ. ಕಾಲು ಕಪ್ಪು. ಮನಸ್ಸು ಕುಸಿಯಿತು. ಆದರೂ ಬಿಡದೆ ನೋಡುತ್ತಿದ್ದೆ. ಅದು ಒಂದು ಸಣ್ಣ ಹೊಂಡಕ್ಕೆ ಇಳಿದು ಈಚೆ ಹತ್ತಿತು. ಕಾಲಿನ ರಾಡಿ ತೊಳೆದುಹೋಗಿತ್ತು. ಕೆಳಗಿನ ಅರ್ಧ, ಹಣ್ಣಾಗುತ್ತಿರುವ ನಿಂಬೆಕಾಯಿ ಬಣ್ಣ! ಎಮ್ಮೆ ಬಂದು ಎಬ್ಬಿಸಿದಾಗ ಬಾಲದ ಎರಡೂ ಬದಿ ಬಿಳಿ ಗರಿ ತೋರಿಸಿ ಹಾರಿತು. ಟೆಮಿಂಕ್ಸ್.

ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕುತ್ತಿಗೆಗೆ ಅಕ್ಷರ, ಅಂಕಿ ಬರೆದ ಹಸಿರು ಪಟ್ಟಿ ಹಾಕಿ ಬಿಡುತ್ತಾರೆ. ಅಂಥವು ಕರ್ನಾಟಕದ ಕೆರೆಗಳಿಗೂ ಬಂದದ್ದುಂಟು. ಬೋನಾಳದಲ್ಲಿ ನಾನು ಪ್ರತಿ ಭಾನುವಾರ ಒಂದೊಂದೇ ಕುತ್ತಿಗೆ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಎಲ್ಲವೂ ಬರಿ ಕುತ್ತಿಗೆಗಳೇ.