ಬೋಟು ದಡದಲ್ಲಿ, ಚಿಪ್ಪಿಗೆ ಊಟ

ಕುಮಟಾ ಕಡೆಯವನಾದ ನನಗೆ ಬೋಟು ಮೇಲೆ ಎಳೆಯೋದು ಹೊಸದಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಇಲ್ಲಿ ಜಪಾನಿನ ಹೊಕ್ಕೈಡೊದ ತೊಕೊರೊದಲ್ಲಿ ಬೋಟು ಮೇಲೇರೋದು ಚಳಿಗಾಲದಲ್ಲಿ. ಓಖೋಟ್ಸ್ಕ್ ಸಮುದ್ರದ ತೇಲುಮಂಜು, ಅಂದರೆ ತೇಲಿ ಬರುವ ಮಂಜುಗಡ್ಡೆ, ಬರೋದು ಜನವರಿ ಕೊನೆಗೆ. ಗಾಳಿ ತಿರುಗಿದರೆ ರಾತ್ರಿ ಬೆಳಗಾಗೋದರೊಳಗೆ ಕಡಲೆಲ್ಲ ಬಿಳಿ, ತೆರೆಯ ಸದ್ದೂ ಇಲ್ಲ. ಮೊದಲ ವರ್ಷ ಆ ಮೌನಕ್ಕೇ ನಿದ್ದೆ ಬಂದಿರಲಿಲ್ಲ.

ಎರಡು ತಿಂಗಳ ದುಡಿಮೆ ಹೋಯ್ತು ಅಂತ ಗೊಣಗುತ್ತಿದ್ದೆ. ನಮ್ಮ ತಾಂಡೇಲರು, ಅಂದರೆ ಬೋಟಿನ ಮುಖ್ಯಸ್ಥರು (ಇಲ್ಲಿ 'ಸೆಂಚೊ'), ದಡಕ್ಕೆ ಬಿದ್ದಿದ್ದ ಒಂದು ಮಂಜುಗಡ್ಡೆಯನ್ನು ಕೊಕ್ಕೆ ಹಾಕಿ ಮಗುಚಿ ತೋರಿಸಿದರು. ಅಡಿಯೆಲ್ಲ ಚಹಾ ಚೆಲ್ಲಿದ ಹಾಗೆ ಕಂದು. ಅದು ಪಾಚಿ. ನೀರು ಹೆಪ್ಪುಗಟ್ಟುವಾಗ ಉಪ್ಪು ಹೊರಬಿದ್ದು ಭಾರವಾದ ನೀರು ಕೆಳಗಿಳಿಯುತ್ತೆ, ತಳದ ಸತ್ವ ಮೇಲೆ ಬರುತ್ತೆ. ಅಮೂರ್ ನದಿ ತರುವ ಕಬ್ಬಿಣವೂ ಆ ಕಡಲಿಗೆ ಸೇರುತ್ತೆ. ವಸಂತದಲ್ಲಿ ಮಂಜು ಕರಗಿ ಬೆಳಕು ಒಳಗಿಳಿದಾಗ ಪಾಚಿ ಉಕ್ಕುತ್ತೆ. ತಳದಲ್ಲಿ ಕೂತ ಹೊತಾತೆ ಚಿಪ್ಪಿ (ಸ್ಕ್ಯಾಲಪ್) ನೀರು ಸೋಸಿ ಅದನ್ನೇ ತಿನ್ನುತ್ತೆ.

ಹಾಗಂತ ಮಂಜು ಸಾಧುವೇನಲ್ಲ. 1974ರಲ್ಲಿ ಪಕ್ಕದ ಸರೋಮಾ ಹಿನ್ನೀರಿಗೆ ನುಗ್ಗಿ ಚಿಪ್ಪಿ ಸಾಕಣೆಯನ್ನೇ ಹಾಳುಮಾಡಿತ್ತಂತೆ. ಈಗ ಅಳಿವೆಗೆ ತಡೆ ಕಟ್ಟುತ್ತಾರೆ.

ಮಂಜು ಸರಿದ ಮೇಲೆ ನಮ್ಮ ಕೆಲಸ. ಕಡಲ ತಳವನ್ನು ನಾಲ್ಕು ಪಾಲು ಮಾಡಿದ್ದಾರೆ. ಒಂದನ್ನು ಕೆರೆದು ನಕ್ಷತ್ರಮೀನು ತೆಗೆದು, ವರ್ಷ ತುಂಬಿದ ಮರಿಚಿಪ್ಪಿ ಬಿತ್ತುತ್ತೇವೆ. ಆ ವರ್ಷದ ಕೊಯ್ಲು ಬೇರೆ ಪಾಲಿನದು. ಬಿತ್ತಿದ್ದು ಮೂರು ಚಳಿಗಾಲ ಕಳೆದೇ ಮೇಲೆ ಬರೋದು.

ನಾನು ಎಡವಿದ್ದು ಬಿತ್ತನೆಯಲ್ಲೇ. ಮರಿ ತುಂಬಿದ ಬುಟ್ಟಿಗಳನ್ನು ಬಿಸಿಲಿಗೆ ಬಿಟ್ಟು ಹಗ್ಗ ಸುತ್ತುತ್ತಾ ನಿಂತಿದ್ದೆ. ಚಳಿ ಊರು, ಏನಾಗುತ್ತೆ ಅಂತ. ನೋಡಿದರೆ ಬಾಯಿ ಬಿಟ್ಟುಕೊಂಡಿವೆ! ತಟ್ಟಿದರೂ ಮುಚ್ಚಲಿಲ್ಲ. ಅಘನಾಶಿನಿಯಲ್ಲಿ ಅಮ್ಮ ಬಳಚು ಚಿಪ್ಪಿ ಆರಿಸುವಾಗ ಸತ್ತಿದೆಯೇ ಅಂತ ತಟ್ಟಿ ನೋಡೋದು ಕಂಡೇ ಬೆಳೆದವನು ನಾನು. ತಾಂಡೇಲರು ಬಯ್ಯಲಿಲ್ಲ, ಸತ್ತಿದ್ದನ್ನು ನನ್ನಿಂದಲೇ ಎಣಿಸಿದರು. ಈಗ ಒದ್ದೆ ಗೋಣಿ ಹೊದಿಸದೆ ಬುಟ್ಟಿ ಮುಟ್ಟೋದಿಲ್ಲ.

ಓಖೋಟ್ಸ್ಕಿನ ಮಂಜು ದಶಕಗಳಿಂದ ಕಮ್ಮಿಯಾಗುತ್ತಾ ಬಂದಿದೆ. ಕಳೆದ ಚಳಿಗಾಲ ಬೋಟು ಎಳೆದು ಎಷ್ಟೋ ದಿನವಾದರೂ ಕಡಲು ನೀಲಿಯಾಗೇ ಇತ್ತು. ಅಮ್ಮ ಫೋನಿನಲ್ಲಿ, "ಕೆಲಸ ಇಲ್ವೇನೋ ತಮಾ?" ಅಂದಳು.

"ಇಲ್ಲ. ಮಂಜು ಕಾಯ್ತಾ ಇದ್ದೆ."

"ಅದು ಬಂದ್ರೆ ಕೆಲಸ ಸಿಕ್ತದಾ?"

"ಬಂದು ಹೋಗ್ಬೇಕು," ಅಂದೆ.